ಕಾಫಿ ಕಣದಲ್ಲಿ ನೆಟ್ ಕಟ್ಟುವ ಮುಂಚೆ: ಯಾವ ಬ್ಯಾಡ್ಮಿಂಟನ್ ಆಡೋಣ?

ಕಾಫಿ ಒಣಗಿಸಿ, ಮೂಟೆ ಕಟ್ಟಿ ಕಳಿಸಿದ ಮೇಲೆ ಕಣ ಖಾಲಿ ಬೀಳುತ್ತದೆ. ಅಲ್ಲಿಂದ ಮಳೆ ಹಿಡಿಯುವವರೆಗೆ ಎರಡು ತಿಂಗಳು ಸಿಕ್ಕರೆ ಅದೇ ಹೆಚ್ಚು. ಮಕ್ಕಳಿಗೆ ಬೇಸಿಗೆ ರಜೆ, ಬೆಂಗಳೂರಿನಿಂದ ನೆಂಟರು ಬಂದಿರುತ್ತಾರೆ. ಆಗ ಮೂಡಿಗೆರೆ, ಆಲ್ದೂರು, ಸಕಲೇಶಪುರ ಕಡೆಯವರು ನನ್ನನ್ನು ಕೇಳುವ ಪ್ರಶ್ನೆ ಒಂದೇ. "ಕಣದಲ್ಲಿ ನೆಟ್ ಕಟ್ಟಿದ್ದೀವಿ. ಶಟಲ್ ಗಾಳಿಗೆ ಗಿಡದೊಳಗೆ ಹೋಗಿ ಬೀಳುತ್ತೆ. ಎಂಟು ಜನ ಇದ್ದೀವಿ, ಇಬ್ಬರು ಆಡ್ತಾರೆ, ಉಳಿದವರು ಕಾಯ್ತಾ ಕೂರ್ತಾರೆ. ಏನು ಮಾಡೋದು?" ಈ ವರ್ಷ ಅರಸೀಕೆರೆ ಕಡೆಯ ಮೇಷ್ಟ್ರೊಬ್ಬರು ಶಾಲೆಯ ಮೈದಾನಕ್ಕೂ ಇದನ್ನೇ ಕೇಳಿದರು.

ನೆಟ್ಟಿನಲ್ಲಿ ತಪ್ಪಿಲ್ಲ. ನಾಲ್ಕು ಗೋಡೆಯ ಒಳಗೆ ಆಡಲು ಮಾಡಿದ ನಿಯಮವನ್ನು ಬಯಲಿಗೆ ತಂದಿದ್ದೇವೆ, ಅಷ್ಟೇ. ಬ್ಯಾಡ್ಮಿಂಟನ್‌ಗೆ ಒಂದೇ ರೂಪ ಇಲ್ಲ. ಜಾಗ, ಜನ ನೋಡಿಕೊಂಡು ಬದಲಿಸಿದ ರೂಪಗಳಿವೆ, ಅವಕ್ಕೂ ಪಕ್ಕಾ ನಿಯಮಗಳಿವೆ. ಹಾಸನ, ಚಿಕ್ಕಮಗಳೂರು ಈ ನಮ್ಮ ಎರಡು ಜಿಲ್ಲೆಗಳಿಗೆ ಆಗಿಬರುವ ನಾಲ್ಕನ್ನು ಇಲ್ಲಿ ಪಕ್ಕಪಕ್ಕ ಇಟ್ಟು ನೋಡುತ್ತೇನೆ: ಮಾಮೂಲಿ ಶಟಲ್, ಅರ್ಧ ಕೋರ್ಟಿನ ಆಟ, ಏರ್‌ಬ್ಯಾಡ್ಮಿಂಟನ್, ಬಾಲ್ ಬ್ಯಾಡ್ಮಿಂಟನ್.

ಮೊದಲು ಅಳತೆಗೋಲು

ಜಾಗ ಎಷ್ಟಿದೆ ಅನ್ನುವುದು ಮೊದಲನೆಯದು. ಕಣ್ಣಂದಾಜು ಬೇಡ, ಟೇಪ್ ಹಿಡಿಯಿರಿ. ಗೆರೆಯ ಆಚೆ ಓಡಿ ನಿಲ್ಲುವುದಕ್ಕೂ ಸುತ್ತ ಒಂದು ಮೀಟರಾದರೂ ಬೇಕು. ಕಣಕ್ಕೆ ಇನ್ನೊಂದು ವಿಷಯ ಇದೆ. ನೀರು ಹರಿದು ಹೋಗಲೆಂದು ಅದನ್ನು ಇಳಿಜಾರಾಗಿ ಕಟ್ಟಿರುತ್ತಾರೆ. ಇಳಿಜಾರು ಒಂದು ಬದಿಗೆರೆಯಿಂದ ಇನ್ನೊಂದು ಬದಿಗೆರೆಯ ಕಡೆಗೆ ಬರುವಂತೆ ಕೋರ್ಟ್ ಹಾಕಿ. ಆಗ ಎರಡೂ ತಂಡಕ್ಕೆ ಸಮ. ಉದ್ದಕ್ಕೆ ಇಳಿಜಾರು ಬಂದರೆ ಒಂದು ತಂಡ ಸದಾ ತಗ್ಗಿನಲ್ಲಿ ನಿಂತು ಮೇಲಕ್ಕೆ ಹೊಡೆಯಬೇಕಾಗುತ್ತದೆ.

ಎರಡನೆಯದು ಗಾಳಿ. ಮೂರನೆಯದು ಒಟ್ಟಿಗೆ ಎಷ್ಟು ಜನ ಆಡಬೇಕು ಅನ್ನುವುದು. ನಾಲ್ಕನೆಯದು ಮೈ: ಸಿಮೆಂಟಿನ ಮೇಲೆ ಬಗ್ಗಿ ಓಡಿದರೆ ಮೊಣಕಾಲು ಹಿಡಿಯುತ್ತದೆ, ಭಾರದ ಬ್ಯಾಟ್ ಬೀಸಿದರೆ ಭುಜ ಹಿಡಿಯುತ್ತದೆ. ಐದನೆಯದು ಖರ್ಚು. ಬ್ಯಾಟು, ನೆಟ್ಟು ಒಂದು ಸಲದ ಖರ್ಚು, ವಾರವಾರ ಕೈಯಿಂದ ಹೋಗುವುದು ಶಟಲ್‌ಗೆ. ಅದನ್ನೇ ಲೆಕ್ಕ ಹಾಕಿ.

ಇವಿಷ್ಟನ್ನು ಎಲ್ಲರೂ ನೋಡುತ್ತಾರೆ. ನಾನು ಆರನೆಯದೊಂದನ್ನು ಸೇರಿಸುತ್ತೇನೆ, ಅದು ಸರ್ವಿಸ್. ಪ್ರತಿ ಪಾಯಿಂಟೂ ಸರ್ವಿಸ್‌ನಿಂದಲೇ ಶುರು. ಮನೆಯ ಹತ್ತು ವರ್ಷದ ಹುಡುಗಿಗೆ, ಐವತ್ತು ದಾಟಿದ ಅತ್ತೆಗೆ ಸರ್ವ್ ಮಾಡೋಕೆ ಬರದಿದ್ದರೆ ಅವರಿಗೆ ಆಟವೇ ಇಲ್ಲ. ಜಗಳ ಹುಟ್ಟುವುದೂ ಅಲ್ಲಿಯೇ. ಸ್ಮ್ಯಾಶ್ ಹೊರಗೆ ಬಿದ್ದದ್ದು ಎಲ್ಲರಿಗೂ ಕಾಣುತ್ತದೆ. ಸರ್ವ್ ಎದೆಮಟ್ಟದಿಂದ ಹೊಡೆದರೋ ಸೊಂಟದ ಕೆಳಗಿಂದಲೋ ಅಂತ ಹೇಳುವವರು ಯಾರು? ಹಾಗಾಗಿ ಒಂದು ರೂಪ ನಿಮಗೆ ಆಗಿಬರುತ್ತದೋ ಇಲ್ಲವೋ ಎಂದು ನೋಡುವಾಗ ನಾನು ಮೊದಲು ಅದರ ಸರ್ವಿಸ್ ನಿಯಮ ಓದುತ್ತೇನೆ.

ಮಾಮೂಲಿ ಶಟಲ್

ಕೋರ್ಟ್ 13.40 ಮೀಟರ್ ಉದ್ದ, 6.10 ಮೀಟರ್ ಅಗಲ, ಅಂದರೆ 44 ಅಡಿಗೆ 20 ಅಡಿ. ನೆಟ್ ಕಂಬದ ಹತ್ತಿರ 1.55 ಮೀಟರ್, ನಡುವೆ 1.524. ಸರ್ವ್ ಓರೆಯಾಗಿ ಎದುರಿನ ಮನೆಗೆ, ಅಂದರೆ ಸರ್ವಿಸ್‌ಗೆಂದು ಗೆರೆ ಎಳೆದ ಅಂಕಣಕ್ಕೆ ಹೋಗಬೇಕು, ನೆಟ್‌ನಿಂದ 1.98 ಮೀಟರ್ ದೂರದ ಮುಂದಿನ ಸರ್ವಿಸ್ ಗೆರೆ ದಾಟಿ ಬೀಳಬೇಕು. ಸರ್ವ್ ಮಾಡುವವರ ಪಾಯಿಂಟ್ ಸರಿಸಂಖ್ಯೆ ಇದ್ದರೆ ಬಲಗಡೆಯಿಂದ, ಬೆಸ ಇದ್ದರೆ ಎಡಗಡೆಯಿಂದ. ಎರಡೂ ಪಾದ ನೆಲಕ್ಕೆ ತಾಗಿರಬೇಕು, ಎಳೆಯಬಾರದು. ಬ್ಯಾಟ್ ಮೊದಲು ಕಾರ್ಕಿಗೆ ತಾಗಬೇಕು, ಗರಿಗಲ್ಲ. ನೆಟ್ಟಿಗೆ ತಾಗಿ ಸರಿಯಾದ ಮನೆಯಲ್ಲಿ ಬಿದ್ದರೆ ಅದು ಒಳ್ಳೆಯ ಸರ್ವೇ. ಮತ್ತೆ ಮಾಡಿಸುವ ಹಾಗಿಲ್ಲ. ನಮ್ಮೂರಲ್ಲಿ ಇದನ್ನು ಬಹಳ ಜನ ತಪ್ಪಾಗಿ ಆಡುತ್ತಾರೆ.

ಎತ್ತರದ ನಿಯಮ ಬದಲಾಗಿದೆ. ಹಿಂದೆ ಸೊಂಟದ ಕೆಳಗೆ ಎಂದಿತ್ತು, ಕೆಳಪಕ್ಕೆಲುಬಿನ ಮಟ್ಟವನ್ನೇ ಸೊಂಟ ಎಂದು ಲೆಕ್ಕ ಹಿಡಿಯುತ್ತಿದ್ದರು. 2018ರಲ್ಲಿ ಅದು ಎಲ್ಲರಿಗೂ ಒಂದೇ ಅಳತೆಗೆ ಬಂತು. ಬ್ಯಾಟ್ ತಾಗುವ ಹೊತ್ತಿಗೆ ಇಡೀ ಶಟಲ್ ನೆಲದಿಂದ 1.15 ಮೀಟರ್ ಒಳಗಿರಬೇಕು. ಮನೆ ಆಟಕ್ಕೂ ಇದೇ ವಾಸಿ. ಕಂಬ 1.55 ಮೀಟರ್ ಇದೆ ಅಲ್ವಾ? ತುದಿಯಿಂದ 40 ಸೆಂಟಿಮೀಟರ್ ಕೆಳಗೆ ಕೆಂಪು ದಾರ ಕಟ್ಟಿ. ಸರ್ವ್ ಮಾಡುವವರ ಪಕ್ಕದಲ್ಲಿ ಅದೇ ಎತ್ತರದ ಕೋಲೊಂದನ್ನು ನಿಲ್ಲಿಸಿದರೆ ಇನ್ನೂ ಚೆನ್ನ. ನಮ್ಮ ಮನೆಯಲ್ಲಿ ಚಿಕ್ಕಪ್ಪನಿಗೂ ತಮ್ಮನಿಗೂ ಪ್ರತಿ ರಜೆಯಲ್ಲಿ ಇದೇ ಮಾತಿಗೆ ಮಾತು ಬೆಳೆಯುತ್ತಿತ್ತು. ಚಿಕ್ಕಪ್ಪ ಆರಡಿ ಆಳು, ತಮ್ಮ ಗಿಡ್ಡ. ಒಬ್ಬರ ಸೊಂಟ ಇನ್ನೊಬ್ಬರ ಎದೆ. ದಾರ ಕಟ್ಟಿದ ದಿನವೇ ಜಗಳ ನಿಂತಿತು. ಸಣ್ಣ ಮಕ್ಕಳಿಗೆ 1.15 ಮೀಟರ್ ಎಂದರೆ ಭುಜದ ಹತ್ತಿರ ಬರುತ್ತದೆ. ಅವರಿಗೆ ಸರ್ವ್ ತಾನಾಗಿ ಸಲೀಸಾಯಿತು.

ಈ ಆಟಕ್ಕೆ ಶತ್ರು ಗಾಳಿ. ಶಟಲ್‌ನ ತೂಕ 4.74ರಿಂದ 5.50 ಗ್ರಾಂ ಅಷ್ಟೇ. ಜೊತೆಗೆ ನಮ್ಮದು ಎತ್ತರದ ಊರು. ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು 1,000 ಮೀಟರ್ ಆಸುಪಾಸಿನಲ್ಲಿವೆ. ಇಲ್ಲಿ ಗಾಳಿ ತೆಳು, ಶಟಲ್ ಬೇಗ ಓಡುತ್ತದೆ. ಮಂಗಳೂರಿನಲ್ಲಿ ಸರಿಯಾಗಿ ಬೀಳುವ ಶಟಲ್ ಇಲ್ಲಿ ಹಿಂದಿನ ಗೆರೆ ದಾಟಬಹುದು. ನೈಲಾನ್ ಶಟಲ್‌ನಲ್ಲಿ ಹಸಿರು ಪಟ್ಟಿಯದು ನಿಧಾನ, ನೀಲಿ ಮಧ್ಯಮ, ಕೆಂಪು ವೇಗ. ಹಸಿರನ್ನು ಕೇಳಿ ತೊಗೊಳ್ಳಿ. ಗರಿಯದಾದರೆ ಡಬ್ಬದ ಮೇಲಿನ ಅಂಕಿ ಕಡಿಮೆ ಇದ್ದಷ್ಟೂ ನಿಧಾನ. ಪರೀಕ್ಷೆ ಮಾಡೋದು ಸುಲಭ. ಹಿಂದಿನ ಗೆರೆಯ ಮೇಲೆ ನಿಂತು ಕೈ ಕೆಳಗಿಂದ ಪೂರ್ತಿ ಬಲ ಹಾಕಿ, ಬದಿಗೆರೆಗೆ ಸಮನಾಗಿ, ಮೇಲ್ಮುಖವಾಗಿ ಹೊಡೆಯಿರಿ. ಎದುರಿನ ಹಿಂದಿನ ಗೆರೆಗೆ 53ರಿಂದ 99 ಸೆಂಟಿಮೀಟರ್ ಮುಂಚೆ ಬಿದ್ದರೆ ಆ ಶಟಲ್ ನಿಮ್ಮೂರಿಗೆ ಸರಿ.

ಖರ್ಚಿನ ಮಾತು. ಗರಿಯ ಶಟಲನ್ನು ಕಣದ ಒರಟು ಸಿಮೆಂಟಿಗೆ ತರಬೇಡಿ, ಒಂದು ಗೇಮ್ ಮುಗಿಯುವ ಮುಂಚೆ ಗರಿ ಮುರಿಯುತ್ತದೆ. ನೈಲಾನ್ ಆದರೆ ದಿನಗಟ್ಟಲೆ ಬಾಳುತ್ತದೆ. ಹೊರಗೆ ಆಡುವುದಾದರೆ ಬೆಳಿಗ್ಗೆ ಗಾಳಿ ಏಳುವ ಮುಂಚೆ ಒಂದೆರಡು ಗಂಟೆ. ಇಬ್ಬನಿ ಬಿದ್ದಿದ್ದರೆ ಕಣ ಜಾರುತ್ತದೆ, ಒಣಗುವವರೆಗೆ ಕಾಯಿರಿ. ಮಗ ಅಥವಾ ಮಗಳು ಟೂರ್ನಮೆಂಟ್ ಆಡಬೇಕು ಅಂತಿದ್ದರೆ ಮಾತ್ರ ಬೇರೆ ದಾರಿ ಹುಡುಕಬೇಡಿ. ಗಂಟೆಗೆ ಹಣ ಕೊಟ್ಟು ಊರಿನ ಒಳಾಂಗಣ ಕೋರ್ಟಿಗೇ ಕಳಿಸಿ, ಇದೇ ನಿಯಮ ಕಲಿಯಲಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನವರಿಗೆ ಹೇಗೂ ಅದೊಂದೇ ದಾರಿ.

ಅರ್ಧ ಕೋರ್ಟು

ಇದನ್ನು ಸುಮ್ನೆ ಮಕ್ಕಳಾಟ ಅಂದುಕೊಂಡವರು ಜಾಸ್ತಿ. ಆದರೆ ಇದು ಅಂಗವಿಕಲ ಆಟಗಾರರ ಪ್ಯಾರಾ ಬ್ಯಾಡ್ಮಿಂಟನ್‌ನ ಅಧಿಕೃತ ನಿಯಮ. ಹಾಸನದಲ್ಲೇ ಹುಟ್ಟಿದ ಸುಹಾಸ್ ಯತಿರಾಜ್ ಟೋಕಿಯೊ ಮತ್ತು 2024ರ ಪ್ಯಾರಿಸ್ ಪ್ಯಾರಾಲಿಂಪಿಕ್ಸ್ ಎರಡರಲ್ಲೂ ಬೆಳ್ಳಿ ಗೆದ್ದರು. ಅವರದು ಕಾಲಿನ ತೊಂದರೆ ಇದ್ದೂ ನಿಂತು ಆಡುವವರ ಎಸ್‌ಎಲ್4 ವಿಭಾಗ, ಅಲ್ಲಿ ಸಿಂಗಲ್ಸ್ ಪೂರ್ತಿ ಕೋರ್ಟಿನಲ್ಲಿ. ಕಾಲಿನ ತೊಂದರೆ ಇನ್ನೂ ಹೆಚ್ಚಿರುವ ಎಸ್‌ಎಲ್3 ವಿಭಾಗದವರು ಸಿಂಗಲ್ಸ್ ಆಡುವುದು ಅರ್ಧ ಅಗಲದ ಕೋರ್ಟಿನಲ್ಲಿ. ಗಾಲಿಕುರ್ಚಿಯವರ ಸಿಂಗಲ್ಸ್ ಕೂಡ ಅರ್ಧವೇ. ಅವರಿಗೆ ನೆಟ್ ಮತ್ತು ಮುಂದಿನ ಸರ್ವಿಸ್ ಗೆರೆಯ ನಡುವಿನ ಜಾಗ ಪೂರ್ತಿ ಆಟದಲ್ಲೂ ಔಟ್.

ಮನೆಗೆ ಇದನ್ನು ತರುವಾಗ ಉದ್ದ ಅಷ್ಟೇ ಇಡಿ, ಅಗಲ ಮಾತ್ರ ನಡುಗೆರೆಯಿಂದ ಒಂದು ಬದಿಗೆ, ಸುಮಾರು 10 ಅಡಿ. ಸರ್ವ್ ಓರೆಯಾಗಿ ಅಲ್ಲ, ನೇರಕ್ಕೆ. ಎಡ ಬಲ ಲೆಕ್ಕ ಇಲ್ಲ. ಸರಿ ಬೆಸ ನೆನಪಿಟ್ಟುಕೊಳ್ಳುವ ಕೆಲಸವೇ ತಪ್ಪಿತು. ಹೊಸಬರಿಗೆ ಇದಕ್ಕಿಂತ ಸುಲಭದ ಸರ್ವಿಸ್ ಇನ್ನೊಂದಿಲ್ಲ. ಒಂದು ಕೋರ್ಟಿನಲ್ಲಿ ಎರಡು ಜೋಡಿ ಅಕ್ಕಪಕ್ಕ ಆಡಬಹುದು. ಪಕ್ಕಕ್ಕೆ ಓಡುವುದು ಅರ್ಧಕ್ಕರ್ಧ ಕಡಿಮೆ. ಮೊಣಕಾಲು ನೋವಿರುವ ಹಿರಿಯರು ಗಾಲಿಕುರ್ಚಿ ನಿಯಮದ ಹಾಗೆ ಮುಂದಿನ ಜಾಗವನ್ನೂ ಔಟ್ ಎಂದು ಇಟ್ಟುಕೊಳ್ಳಲಿ, ಬಗ್ಗಿ ಎತ್ತುವ ಹೊಡೆತವೇ ಇರುವುದಿಲ್ಲ.

ಕೊರತೆ ಗಾಳಿಯದು. ಅಡ್ಡಗಾಳಿ ಬಂತೆಂದರೆ 10 ಅಡಿ ಅಗಲದಲ್ಲಿ ಶಟಲ್ ಉಳಿಯುವುದಿಲ್ಲ. ಮನೆಯ ಹಿಂದೆ, ಎರಡು ಗೋಡೆಯ ನಡುವೆ ಜಾಗ ಇರುವ ಹಾಸನದ ಲೇಔಟ್ ಮನೆಯವರಿಗೆ ಇದು ಹೇಳಿ ಮಾಡಿಸಿದ್ದು. ಬಯಲಿನ ಕಣಕ್ಕೆ ಅಷ್ಟಾಗಿ ಅಲ್ಲ.

ಏರ್‌ಬ್ಯಾಡ್ಮಿಂಟನ್

ಬಯಲಲ್ಲೇ ಆಡಲಿಕ್ಕೆಂದು ವಿಶ್ವ ಬ್ಯಾಡ್ಮಿಂಟನ್ ಒಕ್ಕೂಟ 2019ರಲ್ಲಿ ಚೀನಾದ ಗುವಾಂಗ್‌ಝೌನಲ್ಲಿ ಹೊರತಂದ ರೂಪ ಇದು. ಸಿಮೆಂಟು, ಹುಲ್ಲು, ಮರಳು ಯಾವುದಾದರೂ ಸರಿ. ಡಬಲ್ಸ್ ಮತ್ತು ಮೂವರ ಆಟಕ್ಕೆ ಕೋರ್ಟ್ 16 ಮೀಟರ್‌ಗೆ 6 ಮೀಟರ್, ಸಿಂಗಲ್ಸ್‌ಗೆ 16ಕ್ಕೆ 5. ನೆಟ್ಟಿನ ಎರಡೂ ಕಡೆ 2 ಮೀಟರ್ ಜಾಗಕ್ಕೆ ಡೆಡ್ ಝೋನ್ ಎಂದು ಹೆಸರು. ಅಲ್ಲಿ ಬಿದ್ದದ್ದು ಔಟ್.

ಈ 2 ಮೀಟರ್ ಬಗ್ಗೆ ಸ್ವಲ್ಪ ನಿಂತು ಯೋಚಿಸಬೇಕು. ಮಾಮೂಲಿ ಆಟದಲ್ಲಿಯೂ 1.98 ಮೀಟರ್‌ಗೆ ಒಂದು ಗೆರೆ ಇದೆ, ಆದರೆ ಅದು ಸರ್ವಿಸ್‌ಗೆ ಮಾತ್ರ. ಸರ್ವ್ ಮುಗಿದ ಮೇಲೆ ಆ ಗೆರೆಗೆ ಬೆಲೆ ಇಲ್ಲ. ಏರ್‌ಬ್ಯಾಡ್ಮಿಂಟನ್‌ನಲ್ಲಿ ಅದೇ ಗೆರೆ ಪಾಯಿಂಟ್ ಮುಗಿಯುವವರೆಗೂ ಜೀವಂತ. ಗಾಳಿಯಲ್ಲಿ ನೆಟ್ಟಿನ ಪಕ್ಕ ಮೆಲ್ಲಗೆ ಇಳಿಸುವ ಹೊಡೆತ ಹೊಡೆದವರ ಕೈಚಳಕಕ್ಕಿಂತ ಅದೃಷ್ಟದ ಮೇಲೆ ನಿಂತಿರುತ್ತದೆ. ಆ ಹೊಡೆತವನ್ನೇ ನಿಯಮ ತೆಗೆದುಹಾಕಿತು. ಎಲ್ಲರೂ ಎತ್ತಿ, ಉದ್ದಕ್ಕೆ ಹೊಡೆಯಬೇಕು. ಆಟ ನಿಲ್ಲದೆ ಸಾಗುತ್ತದೆ, ನೆಟ್ಟಿನ ಹತ್ತಿರ ಮುಗ್ಗರಿಸಿ ಬೀಳುವುದೂ ತಪ್ಪುತ್ತದೆ.

ನಿಮ್ಮ ಕಣದಲ್ಲಿ ಈಗಾಗಲೇ ಶಟಲ್ ಕೋರ್ಟಿನ ಗೆರೆ ಇದ್ದರೆ ಹೊಸದಾಗಿ ಏನೂ ಅಳೆಯಬೇಕಿಲ್ಲ. ಮುಂದಿನ ಸರ್ವಿಸ್ ಗೆರೆಯನ್ನೇ ಡೆಡ್ ಝೋನ್ ಎಂದು ಇಟ್ಟುಕೊಳ್ಳಿ, ವ್ಯತ್ಯಾಸ 2 ಸೆಂಟಿಮೀಟರ್ ಅಷ್ಟೇ. ಹಿಂದೆ ಎರಡೂ ಕಡೆ 1.3 ಮೀಟರ್ ಸೇರಿಸಿದರೆ 16 ಮೀಟರ್ ಆಯಿತು. ಅಷ್ಟು ಉದ್ದ ಸಿಗದಿದ್ದರೆ ಇದ್ದಷ್ಟರಲ್ಲೇ ಆಡಿ. ನಮ್ಮ ಕಣದಲ್ಲಿ ನಾವು ನಡುಗೆರೆ ಎಳೆಯುವುದಿಲ್ಲ. ಸರ್ವ್ ಮಾಡುವವರು ನೆಟ್‌ನಿಂದ ಮೂರು ಮೀಟರ್ ಹಿಂದೆ ನಿಂತು, ಕೈ ಕೆಳಗಿಂದ, ಡೆಡ್ ಝೋನ್ ದಾಟಿಸಿ ಎಲ್ಲಿಗೆ ಬೇಕಾದರೂ ಕಳಿಸಬಹುದು. ಗಾಳಿ ಬೀಸುವಾಗ ಅಗಲ ಪೂರ್ತಿ ಸಿಕ್ಕರೆ ಸರ್ವ್ ತಪ್ಪುವುದು ಎಷ್ಟೋ ಕಡಿಮೆಯಾಗುತ್ತದೆ.

ನನಗೆ ಇಷ್ಟವಾದದ್ದು ಮೂವರ ಆಟ. ಒಂದು ಕಡೆ ಮೂರು ಜನ, ಒಟ್ಟು ಆರು ಜನ ಒಟ್ಟಿಗೆ. ಒಬ್ಬರೇ ತಮ್ಮ ತಂಡದ ಎರಡು ಹೊಡೆತ ಬೆನ್ನುಬೆನ್ನಿಗೆ ಹೊಡೆಯುವ ಹಾಗಿಲ್ಲ. ಒಂದು ಹೊಡೆತ ನಾನು ಹೊಡೆದರೆ ಮುಂದಿನದು ನನ್ನ ಜೊತೆಯ ಇಬ್ಬರಲ್ಲಿ ಒಬ್ಬರದ್ದು. ಕಳೆದ ಏಪ್ರಿಲ್‌ನಲ್ಲಿ ನಮ್ಮ ಕಡೆ ನಾನು, ಕಾಲೇಜಿಗೆ ಹೋಗುವ ನನ್ನ ತಮ್ಮನ ಮಗ, ನಮ್ಮತ್ತೆ. ಹುಡುಗ ಮೂಲೆಮೂಲೆಗೂ ಹಾರಿ ಎಲ್ಲವನ್ನೂ ತಾನೇ ಹೊಡೆಯುವವನು. ಒಂದು ಸ್ಮ್ಯಾಶ್ ಹೊಡೆದ, ಅದು ವಾಪಸ್ ಅವನ ತಲೆಯ ಮೇಲೇ ಬಂತು. ಅಭ್ಯಾಸಬಲದಿಂದ ಬ್ಯಾಟ್ ಎತ್ತಿದ, ತಕ್ಷಣ ನೆನಪಾಗಿ ಪಕ್ಕಕ್ಕೆ ಬಗ್ಗಿದ. ಹಿಂದೆ ನಿಂತಿದ್ದ ಅತ್ತೆ ಎರಡು ಹೆಜ್ಜೆ ಮುಂದೆ ಬಂದು, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದ ಹಾಗೇ, ಖಾಲಿ ಮೂಲೆಗೆ ತಳ್ಳಿದರು. ಪಾಯಿಂಟ್ ಬಂತು. ಆಮೇಲೆ ಅವನು ಪ್ರತಿ ಹೊಡೆತಕ್ಕೂ ಮುಂಚೆ ಅತ್ತೆ ಎಲ್ಲಿದ್ದಾರೆ ಎಂದು ನೋಡಿಕೊಂಡು ಹೊಡೆಯತೊಡಗಿದ. ಬೇರೆ ಬೇರೆ ವಯಸ್ಸಿನವರು ಕೂಡಿ ಆಡುವ ಮನೆಗೆ ಇದಕ್ಕಿಂತ ಒಳ್ಳೆಯ ನಿಯಮವನ್ನು ನಾನು ನೋಡಿಲ್ಲ.

ಗೇಮ್ 11 ಪಾಯಿಂಟಿನದು, ಐದರಲ್ಲಿ ಮೂರು ಗೆದ್ದವರದು ಮ್ಯಾಚು. ಮನೆಯಲ್ಲಿ ಒಂದೊಂದೇ ಗೇಮ್ ಆಡಿಸಿ ತಂಡ ಬದಲಿಸಿ. 2006ರಿಂದ ರೂಢಿಯಲ್ಲಿರುವ 21 ಪಾಯಿಂಟಿನ ಗೇಮ್‌ಗೆ ಹೋಲಿಸಿದರೆ ಹೊರಗೆ ಕೂತವರು ಕಾಯುವ ಹೊತ್ತು ಅರ್ಧ.

ಇನ್ನು ಶಟಲ್. ಇದಕ್ಕೆಂದೇ ಏರ್‌ಶಟಲ್ ಎನ್ನುವುದಿದೆ, ಗಂಟೆಗೆ 12 ಕಿಲೋಮೀಟರ್‌ವರೆಗಿನ ಗಾಳಿಯಲ್ಲಿ ಆಡಲು ಆಗುವಂತೆ ಮಾಡಿದ್ದು. ನಾನು ಕೇಳಿದ ಅಂಗಡಿಗಳಲ್ಲಿ ಅದು ಸಿಕ್ಕಿಲ್ಲ, ಆನ್‌ಲೈನ್‌ನಲ್ಲೇ ಹುಡುಕಬೇಕು. ಸಿಗದಿದ್ದರೆ ಹಸಿರು ನೈಲಾನ್‌ನಲ್ಲೇ ಈ ನಿಯಮ ಆಡಿ. ಗಾಳಿ ಎಷ್ಟಿದೆ ಎಂದು ತಿಳಿಯಲು ಯಂತ್ರ ಬೇಡ, ತೋಟದ ಮರ ನೋಡಿ. ಎಲೆ ಮಾತ್ರ ಸರಸರ ಅಂದರೆ 12ರ ಒಳಗಿದೆ. ಎಲೆಯ ಜೊತೆ ಸಣ್ಣ ರೆಂಬೆಗಳೂ ನಿಲ್ಲದೆ ಅಲ್ಲಾಡುತ್ತಿದ್ದರೆ ದಾಟಿದೆ. ಆಗ ಶಟಲ್ ಎತ್ತಿಡಿ.

ಬಾಲ್ ಬ್ಯಾಡ್ಮಿಂಟನ್

ರೆಂಬೆ ಅಲ್ಲಾಡುವ ಗಾಳಿಯಲ್ಲೂ ಆಡಬಹುದಾದ ಆಟ ಇದೊಂದೇ. 1856ರ ಹೊತ್ತಿಗೇ ತಂಜಾವೂರಿನ ಅರಮನೆಯವರು ಆಡುತ್ತಿದ್ದರು ಎನ್ನುತ್ತಾರೆ. ಶಟಲ್ ಬದಲು ಹಳದಿ ಉಣ್ಣೆಯ ಚೆಂಡು, 27ರಿಂದ 30 ಗ್ರಾಂ ತೂಕ. ಶಟಲ್‌ಗಿಂತ ಐದಾರು ಪಟ್ಟು ಭಾರ, ಹಾಗಾಗಿ ಗಾಳಿಗೆ ಜಗ್ಗುವುದಿಲ್ಲ. ಕಡೂರು, ಅರಸೀಕೆರೆ ಕಡೆ ಆಷಾಢದ ಗಾಳಿ ನಿಂತವರನ್ನೇ ತಳ್ಳುವಾಗ ಶಟಲ್ ಎನ್ನುವ ಮಾತೇ ಇಲ್ಲ. ಬಾಲ್ ಬ್ಯಾಡ್ಮಿಂಟನ್ ನಡೆಯುತ್ತದೆ.

ಕೋರ್ಟ್ ದೊಡ್ಡದು, 24 ಮೀಟರ್‌ಗೆ 12 ಮೀಟರ್. ಮೂರೂವರೆ ಶಟಲ್ ಕೋರ್ಟಿನಷ್ಟು ಜಾಗ. ನೆಟ್ ಕಂಬದ ಹತ್ತಿರ ಆರಡಿ. ಒಂದು ಕಡೆಗೆ ಐದು ಜನ. ಮುಂದೆ ಇಬ್ಬರು, ನಡುವೆ ಒಬ್ಬರು, ಹಿಂದೆ ಇಬ್ಬರು ನಿಲ್ಲುವುದು ರೂಢಿ. ಸರ್ವ್ ಸೊಂಟದ ಕೆಳಗಿಂದ, ಬಲಮನೆಯಿಂದ ಶುರು, ಓರೆಯಾಗಿ ಎದುರಿನ ಮನೆಗೆ, ಪ್ರತಿ ಪಾಯಿಂಟಿಗೂ ಮನೆ ಬದಲು. ನೆಟ್‌ನಿಂದ 1 ಮೀಟರ್ ದೂರದ ಕ್ರೀಸ್ ಗೆರೆ ದಾಟಬೇಕು. ಮನೆ ದೊಡ್ಡದು, ಗೆರೆ ಹತ್ತಿರ. ಗುರಿ ಇಡುವುದು ಶಟಲ್‌ಗಿಂತ ಸುಲಭ. ಕಷ್ಟ ಇರುವುದು ಆರಡಿ ನೆಟ್ಟಿನ ಮೇಲೆ ದಾಟಿಸುವುದರಲ್ಲಿ. ಬ್ಯಾಟ್ 165ರಿಂದ 185 ಗ್ರಾಂ, ಶಟಲ್ ಬ್ಯಾಟ್‌ನ ಎರಡರಷ್ಟು. ಹೈಸ್ಕೂಲ್ ಮಕ್ಕಳಿಗೆ ವಾರದಲ್ಲಿ ರೂಢಿಯಾಗುತ್ತದೆ. ಎಂಟೊಂಬತ್ತು ವರ್ಷದವರಿಗೆ, ಭುಜದ ನೋವಿರುವವರಿಗೆ ಕೊಡಬೇಡಿ. ಗೇಮ್ 35 ಪಾಯಿಂಟಿನದು, ಮೂರರಲ್ಲಿ ಎರಡು ಗೆಲ್ಲಬೇಕು.

ಖರ್ಚು ತಲೆಗೆ ಹಂಚಿದರೆ ಇದೇ ಅಗ್ಗ. ಹತ್ತು ಜನಕ್ಕೆ ಒಂದೇ ಚೆಂಡು. ಕೋರ್ಟಿಗೆ ಸಿಮೆಂಟ್ ಬೇಕಿಲ್ಲ, ತಟ್ಟಿ ಸಮ ಮಾಡಿದ ಮಣ್ಣಿನ ನೆಲವೇ ಒಳ್ಳೆಯದು, ಬಿದ್ದರೂ ಮೊಣಕಾಲು ತರಚುವುದಿಲ್ಲ. ಆದರೆ ಉಣ್ಣೆ ನೀರು ಕುಡಿಯುತ್ತದೆ. ಒದ್ದೆ ಹುಲ್ಲಿನ ಮೇಲೆ ನಾಲ್ಕು ಸಲ ಬಿದ್ದ ಚೆಂಡು ಭಾರವಾಗಿ ಕೈ ನೋಯಿಸುತ್ತದೆ. ಅದಕ್ಕೇ ಮಲೆನಾಡಿನ ಕಡೆಗಿಂತ ಬಯಲುಸೀಮೆಯ ಕಡೆಗೆ ಇದು ಹೆಚ್ಚು ಹೊಂದುತ್ತದೆ. ಶಾಲಾ ಕ್ರೀಡಾಕೂಟದಲ್ಲೂ ಈ ಆಟ ಇದೆ, ಹಾಗಾಗಿ ಕಲಿತ ಮಕ್ಕಳಿಗೆ ತಾಲೂಕು, ಜಿಲ್ಲೆ ಮಟ್ಟದಲ್ಲಿ ಆಡುವ ದಾರಿಯೂ ತೆರೆಯುತ್ತದೆ. ಆ ಅರಸೀಕೆರೆಯ ಮೇಷ್ಟ್ರಿಗೆ ನಾನು ಎರಡನೇ ಯೋಚನೆಯಿಲ್ಲದೆ ಹೇಳಿದ್ದು ಇದನ್ನೇ. ಹತ್ತು ಬ್ಯಾಟು, ನಾಲ್ಕು ಚೆಂಡು, ಒಂದು ನೆಟ್. ಒಂದು ತರಗತಿಯ ಮುಕ್ಕಾಲು ಮಕ್ಕಳು ಒಂದೇ ಪೀರಿಯಡ್‌ನಲ್ಲಿ ಸರದಿಯ ಮೇಲೆ ಆಡಬಹುದು.

ನಿಮ್ಮ ಮನೆಗೆ ಯಾವುದು

ಮನೆಯಲ್ಲಿ ಇಬ್ಬರು ಮೂವರೇ ಇದ್ದು, ಜಾಗ ಕಿರಿದಾಗಿದ್ದು, ಗೋಡೆಯ ಮರೆ ಇದ್ದರೆ ಅರ್ಧ ಕೋರ್ಟು. ಎರಡು ಬ್ಯಾಟು, ಒಂದು ಡಬ್ಬ ನೈಲಾನ್ ಶಟಲ್, ಗೋಡೆಯಿಂದ ಗೋಡೆಗೆ ಕಟ್ಟಿದ ಹಗ್ಗ ಇದ್ದರೂ ಶುರು ಮಾಡಬಹುದು. ಕಣ ಇದ್ದು, ರಜೆಗೆ ಆರೆಂಟು ಜನ ಸೇರುವವರು ಬೆಳಿಗ್ಗೆ ಗಾಳಿ ಇಲ್ಲದ ಹೊತ್ತಿನಲ್ಲಿ ಮಾಮೂಲಿ ಡಬಲ್ಸ್, ಸಂಜೆ ಮೂವರ ಏರ್‌ಬ್ಯಾಡ್ಮಿಂಟನ್ ಆಡಲಿ. ಎರಡಕ್ಕೂ ಒಂದೇ ನೆಟ್ಟು, ಒಂದೇ ಬ್ಯಾಟು. ಒಬ್ಬ ಮಗಳನ್ನು ಟೂರ್ನಮೆಂಟಿಗೆ ತಯಾರು ಮಾಡುತ್ತಿದ್ದು, ಉಳಿದವರು ಖುಷಿಗೆ ಆಡುವ ಮನೆಯಾದರೆ ಅವಳ ಸರ್ವಿಸ್ ಅಭ್ಯಾಸವನ್ನು ಬೆಳಿಗ್ಗೆಯೇ ಬೇರೆ ಇಡಿ. ಏರ್‌ಬ್ಯಾಡ್ಮಿಂಟನ್‌ನ ಅಗಲ ಗುರಿಗೆ ಕೈ ಒಗ್ಗಿದರೆ ಸಣ್ಣ ಓರೆ ಸರ್ವ್ ಕೆಡುತ್ತದೆ. ಈ ಬೆಲೆ ತೆರಬೇಕಾಗುತ್ತದೆ ಎಂದು ಗೊತ್ತಿದ್ದೇ ಶುರು ಮಾಡಿ.

ಕಂಬಕ್ಕೆ ದುಡ್ಡು ಸುರಿಯಬೇಡಿ. 20 ಲೀಟರಿನ ಹಳೆಯ ಪೇಂಟ್ ಡಬ್ಬದಲ್ಲಿ ಜಿಐ ಪೈಪ್ ನಿಲ್ಲಿಸಿ ಕಾಂಕ್ರೀಟ್ ತುಂಬಿದರೆ ವರ್ಷಗಟ್ಟಲೆ ಬಾಳುತ್ತದೆ, ಮಳೆಗಾಲಕ್ಕೆ ಉರುಳಿಸಿ ಒಳಗೆ ಇಡಬಹುದು. ಪೈಪನ್ನು ಡಬ್ಬದ ಎತ್ತರವೂ ಸೇರಿ ನೆಲದಿಂದ 1.55 ಮೀಟರ್ ಬರುವಂತೆ ಕತ್ತರಿಸಿ. ಗೆರೆಗೆ ಪೇಂಟ್ ಬೇಡ, ಸೀಮೆಸುಣ್ಣ ಅಥವಾ ಸುಣ್ಣದ ನೀರು ಸಾಕು. ಡಿಸೆಂಬರ್‌ನಲ್ಲಿ ಅದೇ ನೆಲದ ಮೇಲೆ ನಿಮ್ಮ ಕಾಫಿ ಒಣಗಬೇಕಲ್ಲ.